ಸೀಸ ಕಾಯಿಸುವ ಮೊದಲು ಗಾಳ ನೋಡಿ

ಮಲ್ಪೆಯ ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಸಂಜೆ ಹೊತ್ತು ಗಾಳ ಹಾಕುವವರನ್ನು ನೋಡಿರುತ್ತೀರಿ. ಕೆಲವರು ಸಿಗಡಿ ಸಿಕ್ಕಿಸುತ್ತಾರೆ, ಕೆಲವರು ಜಿಗ್ ಎಸೆಯುತ್ತಾರೆ. ಗಾಳದ ತಲೆಗೇ ಸೀಸ ಎರಕ ಹೊಯ್ದು, ಹಿಂದೆ ಗರಿಯನ್ನೋ ರಬ್ಬರ್ ಮೀನನ್ನೋ ಕಟ್ಟಿದರೆ ಅದೇ ಜಿಗ್. ಕಲ್ಲಿನ ಸಂದಿಯಲ್ಲಿ ಸಿಕ್ಕಿ ದಿನಕ್ಕೆ ಎರಡು ಮೂರು ಹೋಗುವುದುಂಟು. ಹಾಗಾಗಿ ನಾನು ಮನೆಯಲ್ಲೇ ಮಾಡಲು ಶುರುಮಾಡಿದೆ. ಅಚ್ಚು, ಸೀಸ, ಬಣ್ಣ ಎಲ್ಲದಕ್ಕೂ ತಲೆ ಕೊಟ್ಟೆ. ಗಾಳ ಮಾತ್ರ ಕೈಗೆ ಸಿಕ್ಕಿದ್ದು. ಒಂದು ಒಳ್ಳೆ ಕೊಕ್ಕರ್ ಮೀನು ಹಿಡಿಯಿತು, ಎಳೆಯಿತು, ಹೋಯಿತು. ದಾರ ಸುತ್ತಿ ನೋಡಿದರೆ ಗಾಳ ಅರ್ಧ ನೆಟ್ಟಗಾಗಿತ್ತು.

ಇದು ತಂತಿಯ ದಪ್ಪದ ಲೆಕ್ಕ. ದುಂಡು ತಂತಿಯ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 1 ಮಿ.ಮೀ. ಬದಲು 1.2 ಮಿ.ಮೀ. ತಂತಿ ತಗೊಂಡರೆ ಬಿಗಿತ ಎರಡು ಪಟ್ಟು! ಕಣ್ಣಿಗೆ ಗೊತ್ತೇ ಆಗದ ವ್ಯತ್ಯಾಸ. ಹಾಗಂತ ದಪ್ಪದ್ದೇ ಒಳ್ಳೆಯದು ಅಂತಲ್ಲ. ದಪ್ಪ ಗಾಳ ಬಾಯಿಗೆ ಚುಚ್ಚಲು ಜೋರಾಗಿ ಎಳೆಯಬೇಕು. ಬಂಗುಡೆಯ ಬಾಯಿ ಮೆತ್ತಗೆ, ಅದಕ್ಕೆ ತೆಳು ತಂತಿ ಸಾಕು. ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುವ ಮುರು ಮೀನಿಗೆ ದಪ್ಪದ್ದೇ ಬೇಕು. ಕೆಲವು ಗಾಳಗಳ ಬಾಗಿದ ಜಾಗವನ್ನು ಎರಡೂ ಬದಿಯಿಂದ ಬಡಿದು ಚಪ್ಪಟೆ ಮಾಡಿರುತ್ತಾರೆ. ಎಳೆತ ಬರುವ ದಿಕ್ಕಿನಲ್ಲಿ ಲೋಹ ಹೆಚ್ಚು ಸಿಗುತ್ತದೆ. ಹೆಂಚಿನ ಮನೆಯ ಪಕ್ಕಾಸನ್ನು ಅಡ್ಡ ಮಲಗಿಸದೆ ನಿಲ್ಲಿಸಿ ಜೋಡಿಸುವುದೂ ಇದಕ್ಕೇ ಅಲ್ವಾ?

ಇನ್ನು ಗಾಳದ ಕಣ್ಣು, ಅಂದರೆ ದಾರ ಕಟ್ಟುವ ತೂತು. ಜಿಗ್‌ಗೆಂದೇ ಮಾಡಿದ ಗಾಳದ ಕತ್ತು ಕಣ್ಣಿನ ಹತ್ತಿರ 90 ಅಥವಾ 60 ಡಿಗ್ರಿ ಬಾಗಿರುತ್ತದೆ. ದಾರ ಸೀಸದ ಮೇಲ್ಭಾಗದಿಂದ ಹೊರಡುತ್ತದೆ, ಭಾರ ಕೆಳಗಿರುತ್ತದೆ, ಮೊನೆ ಆಕಾಶ ನೋಡುತ್ತದೆ. ಕಲ್ಲಿನ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದು ಕಡಿಮೆ. ನೇರ ಕಣ್ಣಿನ ಗಾಳಕ್ಕೆ ಸೀಸ ಹೊಯ್ದರೆ ಈ ಸಮತೋಲನ ಸಿಗುವುದಿಲ್ಲ. ಮೊನೆಗೂ ಗಾಳದ ಕಾಲಿಗೂ (ನೆಟ್ಟಗಿರುವ ಭಾಗ) ನಡುವಿನ ಖಾಲಿ ಜಾಗವನ್ನೂ ನೋಡಿ. ದಪ್ಪ ರಬ್ಬರ್ ಮೀನು ಅದನ್ನು ತುಂಬಿಬಿಟ್ಟರೆ ಮೊನೆ ಮೀನಿನ ಬಾಯಿಗೆ ತಾಗುವುದೇ ಇಲ್ಲ.

ನಮ್ಮ ಕಡಲಿಗೆ ಬಂದರೆ ದೊಡ್ಡ ಪ್ರಶ್ನೆ ತುಕ್ಕಿನದು. ಹೊಳೆ ಮೀನಿಗೆ ಮಾಡಿದ ಕಂದು ಬಣ್ಣದ ಗಾಳ ಉಪ್ಪು ನೀರಿನಲ್ಲಿ ಬೇಗ ಹಾಳಾಗುತ್ತದೆ. ತವರ ಲೇಪಿಸಿದ್ದು ಹೆಚ್ಚು ದಿನ ಬಾಳುತ್ತದೆ. ಆದರೆ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ ಕರಗುವುದು 327ರಲ್ಲಿ. ಅಂದರೆ ಕಾದ ಸೀಸ ಮುಟ್ಟಿದ ಕಡೆ ಲೇಪ ಕರಗುತ್ತದೆ. ಸೀಸವನ್ನು ಬೇಕಾದ್ದಕ್ಕಿಂತ ಜಾಸ್ತಿ ಕಾಯಿಸಿದರೆ ಉಕ್ಕಿನ ಹದವೂ ಇಳಿಯುತ್ತದೆ. ಚೆನ್ನಾಗಿ ಹರಿಯುವಷ್ಟು ಬಿಸಿ ಸಾಕು.

ಗಾಳ ಮತ್ತು ಅಚ್ಚು ಎಲುಬು ಒಣಗಿದ ಹಾಗೆ ಒಣಗಿರಲೇಬೇಕು. ನಮ್ಮೂರ ಮಳೆಗಾಲದ ತೇವದಲ್ಲಿ ಇದು ಸುಲಭವಲ್ಲ. ಒಂದು ಹನಿ ನೀರು ಇದ್ದರೂ ಅದು ಆವಿಯಾಗಿ ಸಾವಿರಾರು ಪಟ್ಟು ಹಿಗ್ಗಿ, ಕಾದ ಸೀಸವನ್ನು ಮುಖಕ್ಕೆ ಎಸೆಯುತ್ತದೆ. ಕನ್ನಡಕ, ಕೈಗವಸು ಹಾಕಿ. ಸೀಸ ವಿಷ, ಅಡುಗೆಮನೆಯಲ್ಲಿ ಬೇಡ, ಅಡುಗೆ ಪಾತ್ರೆಯಲ್ಲಂತೂ ಬೇಡವೇ ಬೇಡ. ಅಂಗಳದಲ್ಲಿ, ಮಕ್ಕಳಿಂದ ದೂರ ಮಾಡಿ.

ಮೊನೆ ಪರೀಕ್ಷಿಸಲು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಕಚ್ಚಿ ನಿಂತರೆ ಸರಿ, ಜಾರಿದರೆ ಅರದಿಂದ ಉಜ್ಜಬೇಕು. ಆದರೆ ಉಜ್ಜಿದ ಕಡೆ ತವರ ಹೋಗಿ ಉಕ್ಕು ಬಯಲಾಗುತ್ತದೆ. ಸಮುದ್ರದ ನೀರಿನಲ್ಲಿ ಪಕ್ಕದ ತವರ ಆ ಉಕ್ಕನ್ನು ಕಾಪಾಡುವುದಿಲ್ಲ, ಇನ್ನೂ ಬೇಗ ತುಕ್ಕು ಹಿಡಿಸುತ್ತದೆ. ಅದಕ್ಕೇ ನಾನು ಮೊದಲೇ ಉಜ್ಜಿ ಡಬ್ಬಿಯಲ್ಲಿ ಇಡುವುದಿಲ್ಲ. ಕಲ್ಲಿನ ಮೇಲೆ ಕೂತು, ದಾರ ಕಟ್ಟುವ ಮುಂಚೆ ಉಜ್ಜುತ್ತೇನೆ.