ಎಎಂಡಿ ಆರ್ಮ್ ಕಡೆಗೆ ಹೊರಳಿದ ಕಥೆ

2012ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಚಿಪ್ ಕಂಪನಿ ಎಎಂಡಿಯು, ಬ್ರಿಟನ್ನಿನ ಆರ್ಮ್ ಕಂಪನಿಯ ವಿನ್ಯಾಸದ 64 ಬಿಟ್ (ಒಮ್ಮೆಲೇ 64 ಬಿಟ್ ಮಾಹಿತಿಯನ್ನು ನಿಭಾಯಿಸುವ) ಸರ್ವರ್ ಪ್ರೊಸೆಸರ್‌ಗಳನ್ನು ತಯಾರಿಸುವುದಾಗಿ ಪ್ರಕಟಿಸಿತು. ಅಲ್ಲಿಯವರೆಗೆ ಅದರ ಸರ್ವರ್ ಚಿಪ್‌ಗಳೆಲ್ಲ ಎಕ್ಸ್86 ಎಂಬ ವಿನ್ಯಾಸವನ್ನೇ, ಅಂದರೆ ಚಿಪ್ಪು ಅರ್ಥಮಾಡಿಕೊಳ್ಳುವ ಆದೇಶಗಳ ಒಂದು ಬಗೆಯನ್ನೇ, ನೆಚ್ಚಿಕೊಂಡಿದ್ದವು. 1978ರಲ್ಲಿ ಇಂಟೆಲ್‌ನ 8086 ಚಿಪ್‌ನೊಂದಿಗೆ ಹುಟ್ಟಿದ ಆ ವಿನ್ಯಾಸವನ್ನು 64 ಬಿಟ್‌ಗೆ ವಿಸ್ತರಿಸಿದ ಕೀರ್ತಿ ಎಎಂಡಿಯದು. 2003ರಲ್ಲಿ ಅದರ ಆಪ್ಟೆರಾನ್ ಸರ್ವರ್ ಚಿಪ್ ಮಾರುಕಟ್ಟೆಗೆ ಬಂದ ಮರುವರ್ಷವೇ ಇಂಟೆಲ್ ಕೂಡ ಆ ವಿಸ್ತರಣೆಯನ್ನು ತನ್ನ ಝಿಯಾನ್ ಸರ್ವರ್ ಚಿಪ್‌ಗಳಲ್ಲಿ ಅಳವಡಿಸಿಕೊಳ್ಳಬೇಕಾಯಿತು. ಇಂಥ ಕಂಪನಿಯೇ, ಮೊಬೈಲ್ ಫೋನುಗಳಲ್ಲಿ ಹೆಸರು ಮಾಡಿದ್ದ ಪ್ರತಿಸ್ಪರ್ಧಿ ವಿನ್ಯಾಸವನ್ನು ಸರ್ವರ್‌ಗಳಿಗೆ ತರಲು ಮುಂದಾದದ್ದು ಸಣ್ಣ ಸಂಗತಿಯಲ್ಲ.

ಕಾರಣಗಳು ಸ್ಪಷ್ಟವಾಗಿದ್ದವು. 2011ರ ಬುಲ್ಡೋಜರ್ ಎಂಬ ಅದರ ಎಕ್ಸ್86 ಚಿಪ್ ವಿನ್ಯಾಸವು ನಿರೀಕ್ಷೆಯನ್ನು ಮುಟ್ಟದೆ, ಸರ್ವರ್ ಮಾರುಕಟ್ಟೆಯಲ್ಲಿ ಎಎಂಡಿಯ ಪಾಲು ಕುಸಿಯುತ್ತಿತ್ತು. ಇನ್ನೊಂದೆಡೆ, ವಿದ್ಯುತ್ ಖರ್ಚಿನ ಚಿಂತೆಯಲ್ಲಿದ್ದ ದೊಡ್ಡ ಡೇಟಾ ಸೆಂಟರ್‌ಗಳಿಗೆ ಸಣ್ಣ ಸಣ್ಣ ಕೋರಿಕೆಗಳನ್ನು ಭಾರೀ ಸಂಖ್ಯೆಯಲ್ಲಿ ನಿಭಾಯಿಸುವ ಮಿತವ್ಯಯದ ಚಿಪ್‌ಗಳು ಬೇಕಿದ್ದವು. ಆರ್ಮ್ ತನ್ನ 64 ಬಿಟ್ ವಿನ್ಯಾಸವನ್ನು 2011ರಲ್ಲಷ್ಟೇ ಪ್ರಕಟಿಸಿತ್ತು. ಪರವಾನಗಿ ಶುಲ್ಕ ಕಟ್ಟಿದರೆ ಆರ್ಮ್‌ನ ಸಿದ್ಧ ಕೋರ್‌ಗಳನ್ನು (ಚಿಪ್ಪಿನೊಳಗೆ ಆದೇಶಗಳನ್ನು ನಡೆಸುವ ಘಟಕಗಳನ್ನು) ಯಾರು ಬೇಕಾದರೂ ತಮ್ಮ ಚಿಪ್‌ನಲ್ಲಿ ಬಳಸಬಹುದಾಗಿತ್ತು.

ಈ ಎರಡು ವಿನ್ಯಾಸಗಳ ನಡುವಿನ ವ್ಯತ್ಯಾಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಕ್ಸ್86ನಲ್ಲಿ ಒಂದು ಆದೇಶದ ಉದ್ದ 1 ಬೈಟ್‌ನಿಂದ 15 ಬೈಟ್‌ಗಳವರೆಗೆ ಇರಬಹುದಾದ್ದರಿಂದ, ಮುಂದಿನ ಆದೇಶ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಪತ್ತೆಹಚ್ಚಲು ಚಿಪ್ಪು ಹೆಚ್ಚಿನ ಶ್ರಮ ಪಡಬೇಕಾಗುತ್ತದೆ. 64 ಬಿಟ್ ಆರ್ಮ್‌ನಲ್ಲಿ ಪ್ರತಿ ಆದೇಶವೂ ಸರಿಯಾಗಿ 4 ಬೈಟ್. ಆರ್ಮ್ ಚಿಪ್‌ಗಳ ಮಿತವ್ಯಯಕ್ಕೆ ಇದೇ ಮುಖ್ಯ ಕಾರಣವೆಂಬ ಮಾತು ಆಗಾಗ ಕೇಳಿಬರುತ್ತದೆ, ಆದರೆ ಅದನ್ನು ಹಾಗೆಯೇ ಒಪ್ಪಲಾಗದು. ದೊಡ್ಡ ಸರ್ವರ್ ಚಿಪ್‌ನ ಬಹುಪಾಲು ಜಾಗವನ್ನೂ ವಿದ್ಯುತ್ತನ್ನೂ ಬಳಸುವುದು ಕ್ಯಾಶ್ ಎಂಬ ಚಿಪ್ಪಿನೊಳಗಿನ ವೇಗದ ಮೆಮೊರಿ, ಲೆಕ್ಕದ ಘಟಕಗಳು ಮತ್ತು ಮೆಮೊರಿಯೊಂದಿಗಿನ ಸಂಪರ್ಕ. ಆದೇಶಗಳನ್ನು ಬಿಡಿಸುವ ಭಾಗ ಅದರ ಮುಂದೆ ಚಿಕ್ಕದು.

ನಿಜವಾದ ಕಷ್ಟ ಸಾಫ್ಟ್‌ವೇರಿನದು. ಒಂದು ಕೋರ್ ಮೊದಲು ಮಾಹಿತಿಯನ್ನು ಮೆಮೊರಿಯಲ್ಲಿ ಬರೆದು, ಬಳಿಕ ‘ಸಿದ್ಧ’ ಎಂಬ ಗುರುತನ್ನು ಬರೆಯುತ್ತದೆ ಎಂದುಕೊಳ್ಳೋಣ. ಎಕ್ಸ್86ನಲ್ಲಿ ಇನ್ನೊಂದು ಕೋರ್‌ಗೆ ಈ ಎರಡು ಬರಹಗಳು ಅದೇ ಕ್ರಮದಲ್ಲಿ ಕಾಣುತ್ತವೆ. ಆರ್ಮ್‌ನಲ್ಲಿ ಆ ಖಾತರಿಯಿಲ್ಲ. ಕ್ರಮವನ್ನು ಕಾಯುವ ವಿಶೇಷ ಆದೇಶವನ್ನು ಪ್ರೋಗ್ರಾಮರ್ ಸೇರಿಸದಿದ್ದರೆ, ಗುರುತು ಮೊದಲು ಕಂಡು, ಎರಡನೆಯ ಕೋರ್ ಹಳೆಯ ಮಾಹಿತಿಯನ್ನೇ ಓದಿಬಿಡಬಹುದು. ವರ್ಷಗಳಿಂದ ಎಕ್ಸ್86 ಮೇಲೆ ಸರಿಯಾಗಿಯೇ ನಡೆದಿದ್ದ ಪ್ರೋಗ್ರಾಮಿನಲ್ಲಿ ಅಡಗಿದ್ದ ದೋಷ ಆರ್ಮ್ ಮೇಲೆ ಹೀಗೆ ಹೊರಬೀಳುತ್ತದೆ, ಅದೂ ಅಪರೂಪಕ್ಕೊಮ್ಮೆ, ಹುಡುಕಲು ಬಲು ಕಷ್ಟವಾಗುವಂತೆ. ಸಾಲದ್ದಕ್ಕೆ, ಆರ್ಮ್ ಯಂತ್ರಗಳು ಒಂದೊಂದೂ ಒಂದೊಂದು ರೀತಿಯಲ್ಲಿ ಬೂಟ್ ಆಗುತ್ತಿದ್ದವು. ಎಲ್ಲ ಆರ್ಮ್ ಸರ್ವರ್‌ಗಳಿಗೂ ಸಾಮಾನ್ಯವಾದ ಯಂತ್ರಾಂಶ ನಿಯಮಗಳನ್ನು ಆರ್ಮ್ ಪ್ರಕಟಿಸಿದ್ದು 2014ರಲ್ಲಿ. ಅಷ್ಟರಲ್ಲಿ 32 ಬಿಟ್ ಆರ್ಮ್ ಸರ್ವರ್ ಚಿಪ್‌ಗಳನ್ನು ತಯಾರಿಸಿದ್ದ ಕ್ಯಾಲ್ಕ್ಸೆಡಾ ಎಂಬ ಪುಟ್ಟ ಕಂಪನಿಯು 2013ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತ್ತು.

ಎಎಂಡಿಯ ಆರ್ಮ್ ಚಿಪ್ ಆಪ್ಟೆರಾನ್ ಎ1100 ತಡವಾಗಿ, 2016ರ ಜನವರಿಯಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಆರ್ಮ್‌ನ ಸಿದ್ಧ ಕೋರ್ ಆದ ಕಾರ್ಟೆಕ್ಸ್ ಎ57 ಎಂಟು ಇದ್ದವು. ತಯಾರಿಕೆ 28 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ (ಈ ಅಂಕಿ ಚಿಕ್ಕದಾದಷ್ಟೂ ತಂತ್ರಜ್ಞಾನ ಹೊಸದು). ಇಂಟೆಲ್ ಕೈಕಟ್ಟಿ ಕೂತಿರಲಿಲ್ಲ. 2015ರಲ್ಲೇ ಅದು 14 ನ್ಯಾನೋಮೀಟರಿನ, 8 ಕೋರ್‌ಗಳ ಝಿಯಾನ್ ಡಿ ಚಿಪ್ಪನ್ನು 45 ವ್ಯಾಟ್ ಮಿತಿಯೊಳಗೆ ಮಾರುಕಟ್ಟೆಗೆ ಇಳಿಸಿತ್ತು. ಎ1100ರ ಮಿತಿ 32 ವ್ಯಾಟ್ ಆಗಿದ್ದರೂ, ಅದರ ಪ್ರತಿ ಕೋರ್‌ನ ವೇಗ ಬಹಳ ಹಿಂದಿತ್ತು. ಹೊಸ ವಿನ್ಯಾಸಕ್ಕೆ ಸಾಫ್ಟ್‌ವೇರನ್ನು ಒಗ್ಗಿಸುವ ಶ್ರಮವನ್ನು ಗ್ರಾಹಕ ವಹಿಸಿಕೊಳ್ಳಬೇಕಾದರೆ ಲಾಭ ಕಣ್ಣಿಗೆ ಹೊಡೆದು ಕಾಣುವಂತಿರಬೇಕು, ಇಲ್ಲಿ ಹಾಗಿರಲಿಲ್ಲ.

ಇದಕ್ಕಿಂತ ಕುತೂಹಲಕರವಾದದ್ದು ಎಎಂಡಿಯ ಒಳಗಿನ ಬೆಳವಣಿಗೆ. ಹೆಸರಾಂತ ಚಿಪ್ ವಿನ್ಯಾಸಕ ಜಿಮ್ ಕೆಲ್ಲರ್ ಅವರ ಮುಂದಾಳತ್ವದಲ್ಲಿ ಝೆನ್ ಎಂಬ ಎಕ್ಸ್86 ಕೋರ್ ಮತ್ತು ಕೆ12 ಎಂಬ ಆರ್ಮ್ ಕೋರ್ ಎರಡರ ಕೆಲಸವೂ ಅಕ್ಕಪಕ್ಕದಲ್ಲೇ ಸಾಗಿತ್ತು. ಒಂದೇ ಕಂಪನಿಯ ಅನುಭವ ಎರಡೂ ಕಡೆ ಹರಿದದ್ದನ್ನು ನೋಡಿದರೆ, ಒಳ್ಳೆಯ ಕೋರ್ ಕಟ್ಟುವ ವಿದ್ಯೆ ಆದೇಶಗಳ ಆಯ್ಕೆಗಿಂತ ಬಹಳ ದೊಡ್ಡದು ಎಂದು ನನಗನಿಸುತ್ತದೆ. ಹಣದ ಬಿಕ್ಕಟ್ಟಿನಲ್ಲಿದ್ದ ಎಎಂಡಿ ಝೆನ್ ಅನ್ನು ಉಳಿಸಿಕೊಂಡಿತು. 2017ರ ಎಪಿಕ್ ಸರ್ವರ್ ಚಿಪ್‌ಗಳು ಅದರ ಫಲ. ಕೆ12 ಮಾರುಕಟ್ಟೆಗೆ ಬರಲೇ ಇಲ್ಲ.

ಎಎಂಡಿ ಕೈಬಿಟ್ಟ ಹಾದಿಯನ್ನು ಹಿಡಿದು ಗೆದ್ದದ್ದು ಅಮೆಜಾನ್. 2015ರಲ್ಲಿ ಅನ್ನಪೂರ್ಣ ಲ್ಯಾಬ್ಸ್ ಎಂಬ ಇಸ್ರೇಲಿ ಚಿಪ್ ಕಂಪನಿಯನ್ನು ಕೊಂಡ ಅದು, 2018ರಲ್ಲಿ 16 ಕೋರ್‌ಗಳ ಗ್ರಾವಿಟಾನ್ ಎಂಬ ಆರ್ಮ್ ಸರ್ವರ್ ಚಿಪ್ಪನ್ನೂ, ಮುಂದಿನ ವರ್ಷ 64 ಕೋರ್‌ಗಳ ಗ್ರಾವಿಟಾನ್ 2 ಅನ್ನೂ ಪ್ರಕಟಿಸಿತು. ಎಎಂಡಿ ತನ್ನ ಆರ್ಮ್ ಚಿಪ್ಪಿಗೆ ಗ್ರಾಹಕರನ್ನು ಹೊರಗೆ ಹುಡುಕಬೇಕಿತ್ತು. ಅಮೆಜಾನ್ ಹಾಗಲ್ಲ: ಚಿಪ್ಪೂ ಅದರದೇ, ಡೇಟಾ ಸೆಂಟರೂ ಅದರದೇ, ಆ ಚಿಪ್ಪಿನ ಮೇಲೆ ನಡೆಯುವ ಡೇಟಾಬೇಸ್ ಸೇವೆಗಳೂ ಅದರದೇ. ಸಾಫ್ಟ್‌ವೇರ್ ಒಗ್ಗಿಸುವ ಖರ್ಚನ್ನು ಹೊತ್ತವರಿಗೇ ವಿದ್ಯುತ್ ಉಳಿತಾಯದ ಲಾಭವೂ ಸಿಗುವ ಏರ್ಪಾಡು ಅದು.