ಮಿಕ್ಸಿಡೀಮ: ಒತ್ತಿದರೆ ಗುಳಿ ಬೀಳದ ಊತ

‘ನನಗೆ ಥೈರಾಯ್ಡ್ ಇದೆ’ ಅನ್ನುವ ಮಾತು ಬೆಂಗಳೂರಿನ ಯಾವ ಪಾರ್ಕಿನಲ್ಲಾದರೂ ಬೆಳಗಿನ ವಾಕಿಂಗ್ ಹೊತ್ತಿಗೆ ಕಿವಿಗೆ ಬೀಳುತ್ತದೆ. ಇರಲೇಬೇಕಲ್ಲ! ಕತ್ತಿನ ಮುಂಭಾಗದಲ್ಲಿರುವ ಚಿಟ್ಟೆಯಾಕಾರದ ಆ ಗ್ರಂಥಿ ಎಲ್ಲರಿಗೂ ಇದೆ. ಅವರು ಹೇಳಹೊರಟದ್ದು, ಅದು ಮಂದವಾಗಿದೆ, ಹಾರ್ಮೋನು ಸಾಲುತ್ತಿಲ್ಲ ಎಂದು. ಈ ಕೊರತೆ ಬಹಳ ದಿನ ಹಾಗೇ ಉಳಿದು ಬಲಿತಾಗ ಮೈಯಲ್ಲಿ ಕಾಣುವ ಊತವೇ ಮಿಕ್ಸಿಡೀಮ. ತೀವ್ರ ಕೊರತೆಯ ಸ್ಥಿತಿಗೂ ಇದೇ ಹೆಸರು ಬಳಕೆಯಲ್ಲಿದೆ.

ಲೋಳೆ, ಊತ ಎಂಬರ್ಥದ ಎರಡು ಗ್ರೀಕ್ ಮಾತುಗಳು ಸೇರಿ ಆದ ಪದವಿದು. 1878ರಲ್ಲಿ ಪ್ರಕಟವಾದ ಬರಹದಲ್ಲಿ ಇದನ್ನು ಬಳಕೆಗೆ ತಂದವರು ಲಂಡನ್ನಿನ ವೈದ್ಯ ವಿಲಿಯಂ ಆರ್ಡ್.

ಹೆಸರಿನಲ್ಲಿ ಲೋಳೆ ಏಕೆ? ಹೃದಯ, ಕಿಡ್ನಿ ಸೋತು ಕಾಲಿನಲ್ಲಿ ನೀರು ತುಂಬಿದ್ದರೆ ಹೆಬ್ಬೆರಳಿಂದ ಒತ್ತಿದ ಕಡೆ ಗುಳಿ ಬಿದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಲ್ಲಿ ಸಾಮಾನ್ಯವಾಗಿ ಗುಳಿ ಬೀಳದು. ಚರ್ಮದಲ್ಲಿ ಕೂಡಿಕೊಂಡ ಹಯಲುರಾನಿಕ್ ಆಮ್ಲದಂಥ ವಸ್ತುಗಳು ನೀರನ್ನು ಹಿಡಿದಿಟ್ಟಿರುತ್ತವೆ. ನೆನೆಸಿದ ಕಾಮಕಸ್ತೂರಿ ಬೀಜವನ್ನು ನೆನಪಿಸಿಕೊಳ್ಳಿ. ಸುತ್ತ ಕಟ್ಟಿದ ಲೋಳೆಯಲ್ಲಿ ಇರುವುದು ನೀರೇ, ಆದರೆ ಲೋಟ ಬಗ್ಗಿಸಿದರೆ ಬಸಿದು ಬಾರದು.

ನನಗೆ ಇದಕ್ಕಿಂತ ಸೊಗಸೆನಿಸುವುದು ಹಿಮ್ಮಡಿಯ ಪರೀಕ್ಷೆ. ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜನ್ನು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾರೆ. ಪಾದ ಅದುರುತ್ತದೆ, ಆದರೆ ಮರಳಿ ಸಡಿಲವಾಗಲು ಸೋಮಾರಿತನ ಮಾಡುತ್ತದೆ. ವೋಲ್ಟ್‌ಮನ್ ಚಿಹ್ನೆ ಎಂದರೆ ಇದೇ.

ಇನ್ನುಳಿದವು: ಉಬ್ಬಿದ ರೆಪ್ಪೆ, ತಣ್ಣನೆಯ ಒರಟು ಚರ್ಮ, ದಪ್ಪ ನಾಲಗೆ, ಒಡಕು ದನಿ, ನಿಧಾನದ ನಾಡಿ. ಅಂಗೈ ಹಳದಿಯಾಗಿ ಕಣ್ಣು ಬಿಳಿಯಾಗೇ ಇದ್ದರೆ ಅದು ಕಾಮಾಲೆಯಲ್ಲ. ತರಕಾರಿಯ ಹಳದಿ ಬಣ್ಣವಾದ ಕ್ಯಾರೋಟಿನ್ ಎ ವಿಟಮಿನ್ ಆಗುವ ಕೆಲಸ ಕುಂಟಿ, ರಕ್ತದಲ್ಲೇ ಉಳಿದಿರುವುದು. ಹುಬ್ಬಿನ ಹೊರತುದಿಯ ಕೂದಲು ಉದುರುವುದನ್ನೂ ಪುಸ್ತಕಗಳು ಹೇಳುತ್ತವೆ. ಬ್ಯೂಟಿ ಪಾರ್ಲರುಗಳ ಈ ಊರಿನಲ್ಲಿ ಅದನ್ನು ನಂಬುವುದು ಕಷ್ಟ. ಏಪ್ರಿಲ್‌ನಲ್ಲೂ ಸ್ವೆಟರ್ ಬೇಕೆನಿಸುವುದು ಚಿಹ್ನೆಯಲ್ಲ, ಲಕ್ಷಣ. ಅದನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಚಿಹ್ನೆಯನ್ನು ವೈದ್ಯರು ಕಂಡುಕೊಳ್ಳುತ್ತಾರೆ.

ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನನ್ನು ಅಳೆಯುವ ಟಿಎಸ್‌ಎಚ್ ರಕ್ತಪರೀಕ್ಷೆ ಬೇಗನೇ ಸುಳಿವು ಕೊಡುವುದರಿಂದ ಪೂರ್ತಿ ಬಲಿತ ಮಿಕ್ಸಿಡೀಮ ಈಗ ಅಪರೂಪ. ಮುಖ ಊದುವುದು ಎಷ್ಟು ನಿಧಾನವೆಂದರೆ ದಿನಾ ನೋಡುವ ಮನೆಯವರಿಗೇ ಗೊತ್ತಾಗದು. ಹಾಗಾಗಿ ಡಾಕ್ಟರು ‘ಡ್ರೈವಿಂಗ್ ಲೈಸೆನ್ಸ್ ತೋರಿಸಿ’ ಎಂದರೆ ಗಾಬರಿ ಬೇಡ, ಅವರಿಗೆ ಬೇಕಿರುವುದು ಅದರಲ್ಲಿರುವ ಹಳೆಯ ಫೋಟೋ.