ನಿನ್ನೆ ರಾತ್ರಿ ಆಗಿದ್ದಕ್ಕ ಇವತ್ತ ಎಚ್‌ಐವಿ ಟೆಸ್ಟ್ ಮಾಡ್ಸಿದ್ರ ಏನೂ ಗೊತ್ತಾಗಂಗಿಲ್ರಿ

ಕಾಂಡೋಮ್ ಇಲ್ಲದ ಸಂಪರ್ಕ ಆಗಿ ಐದು ದಿನಕ್ಕ ಒಬ್ಬ ಹುಡುಗ ನನ್ನ ಕಡೆ ಬಂದ. ಅಂಗಿ ಕಿಸೆದಾಗಿಂದ ನಾಲ್ಕು ಮಡಿಕಿ ಮಾಡಿದ ಕಾಗದ ತಗದ, ಬೆವರಿಗೆ ಮಡಿಕಿ ಹರಿಯಾಕ ಬಂದಿತ್ತು, ಟೇಬಲ್ ಮ್ಯಾಲೆ ಇಟ್ಟು ಅಂಗೈಲೆ ಒತ್ತಿ ಸಪಾಟ ಮಾಡಿದ. "ಮರುದಿನಾನ ಲ್ಯಾಬಿಗೆ ಹೋಗಿದ್ದೆ ಮೇಡಮ್ರೀ, ನೆಗೆಟಿವ್ ಬಂದೈತಿ, ಆದ್ರೂ ನಿದ್ದಿ ಬರವಲ್ದು." ನನಗ ಸಿಟ್ಟು ಬಂದಿದ್ದು ರೊಕ್ಕ ತಗೊಂಡು "ಯಾವಾಗ ಆತಪಾ" ಅಂತ ಒಂದು ಮಾತೂ ಕೇಳದ ಕಳಿಸಿದವರ ಮ್ಯಾಲೆ.

ಐಸಿಟಿಸಿ (ಸರ್ಕಾರದ ಎಚ್‌ಐವಿ ಸಲಹೆ, ತಪಾಸಣಿ ಕೇಂದ್ರ) ಒಳಗ ಕುಂತು ದಿನಾ ಹೇಳೋದು ಇದನ್ನ. ರ‍್ಯಾಪಿಡ್ ಟೆಸ್ಟ್ ಹುಡುಕೋದು ವೈರಸ್ ಬಂದ ಮ್ಯಾಲೆ ಮೈ ತಯಾರ ಮಾಡೋ ಆಂಟಿಬಾಡಿನ, ಅದಕ್ಕ ವಾರಗಟ್ಟಲೆ ಬೇಕು. ನಿನ್ನೆ ಬಿತ್ತಿದ ಜ್ವಾಳ ಇವತ್ತ ಕಾಣವಲ್ದು ಅಂತ ಬೀಜಾನ ಬಿದ್ದಿಲ್ಲ ಅಂತೀರೇನು? ಮರುದಿನದ ನೆಗೆಟಿವ್ ಹಿಂದಿನ ತಿಂಗಳುಗಳ ಲೆಕ್ಕ ಹೇಳ್ತೈತಿ, ನಿನ್ನೆ ರಾತ್ರಿದು ಅದ್ರಾಗ ಇಲ್ಲವೇ ಇಲ್ಲ. ರಕ್ತ ತಗದು ಮಾಡೋ ಫೋರ್ತ್ ಜನರೇಷನ್ ಟೆಸ್ಟ್ (ಆಂಟಿಬಾಡಿ ಜೊತಿ ವೈರಸ್ಸಿನ ತುಣುಕನ್ನೂ ಹುಡುಕೋದು) ಆದ್ರ 45 ದಿನಕ್ಕ ಹೆಚ್ಚೂಕಡಿಮಿ ಗೊತ್ತಾಕ್ಕೈತಿ, ಬೆರಳು ಚುಚ್ಚಿ ಮಾಡೋ ರ‍್ಯಾಪಿಡ್ ಟೆಸ್ಟಿಗೆ 90 ದಿನ ತುಂಬಬೇಕು. ಅಲ್ಲೀತನಕ ಕಾಂಡೋಮ್ ಬಿಡಬ್ಯಾಡ್ರಿ, ಫ್ರೀ ಚೆಕ್ ಆಕ್ಕೈತಿ ಅಂತ ರಕ್ತದಾನ ಶಿಬಿರಕ್ಕಂತೂ ಹೋಗಬ್ಯಾಡ್ರಿ, ಕೈ ಮುಗಿತೇನಿ, ಟೆಸ್ಟಿನಾಗ ಸಿಗದ ವೈರಸ್ ಇನ್ನೊಬ್ಬರ ಮೈಗೆ ಹೋಗಬಹುದು.

ಮರುದಿನ ಓಡಬೇಕಾಗಿದ್ದು ಎಚ್‌ಐವಿ ಅಂಟದಂಗ ತಡಿಯೋ ಗುಳಿಗಿ ಸಲುವಾಗಿ. ಅದಕ್ಕ ಪೆಪ್ ಅಂತೀವಿ, 72 ತಾಸಿನೊಳಗ ಶುರು ಆಗಬೇಕು, ಎಷ್ಟು ಲಗೂ ಅಷ್ಟು ಛಲೋ, ಆಮ್ಯಾಲೆ 28 ದಿನ ಒಂದೂ ತಪ್ಪಿಸದ ತಗೋಬೇಕು (ಪೆಪ್ ತಗೊಂಡವರಿಗೆ ಟೆಸ್ಟಿನ ದಿನ ಮುಂದ ಹೊಕ್ಕೈತಿ, ಕೇಳ್ಕೋರಿ). ಎಲ್ಲಾರಿಗೂ ಬೇಕಂತಲ್ಲ, ಡಾಕ್ಟರ್ ವಿಚಾರಿಸಿ ನಿರ್ಧಾರ ಮಾಡ್ತಾರ, ಆದ್ರ ವಿಚಾರಿಸಾಕಾದ್ರೂ ಟೈಮಿಗೆ ಬರಬೇಕಲ್ರಿ! ಹುಬ್ಬಳ್ಳಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡ ಸಿವಿಲ್ ಆಸ್ಪತ್ರಿ, ಗದಗ ಜಿಮ್ಸ್, ಹಾವೇರಿ ಜಿಲ್ಲಾ ಆಸ್ಪತ್ರಿ, ಯಾವುದು ಸಮೀಪ ಅಲ್ಲಿಗೆ ಹೋಗ್ರಿ, ರಾತ್ರಿ ಆಗಿದ್ರ ಕ್ಯಾಜುವಾಲ್ಟಿಗೇ ಹೋಗಿ ಕೇಳ್ರಿ, ಎಲ್ಲಿಗೆ ಅಂತ ತಿಳೀಲಿಲ್ಲಂದ್ರ ಏಡ್ಸ್ ಸಹಾಯವಾಣಿ 1097ಕ್ಕ ಫೋನ್ ಹಚ್ರಿ. ಊರವರು ಯಾರರ ನೋಡ್ಯಾರು ಅಂತ ಆಸ್ಪತ್ರಿ ಗೇಟಿನ ತನಕ ಬಂದು ವಾಪಸ್ ಹೋದವರದಾರ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿ ಇಡೋದು ನಮ್ಮ ಜವಾಬ್ದಾರಿ, ನಿಮ್ಮ ಒಪ್ಪಿಗಿ ಇಲ್ಲದ ಟೆಸ್ಟೂ ಮಾಡಂಗಿಲ್ಲ.

ಈ ಹುಡುಗ ಆ ಮೂರು ದಿನ ಕಾಗದ ಹಿಡ್ಕೊಂಡು ಕಳದಿದ್ದ. ಹೆದರಿಸಾಕ ನನಗ ಮನಸಾಗಲಿಲ್ಲ, ಖರೇನೂ ಹೇಳಬೇಕಲ್ಲ. ಸಂಗಾತಿಗೆ ಎಚ್‌ಐವಿ ಇದ್ರೂ, ಗಂಡು ಹೆಣ್ಣಿನ ಯೋನಿ ಸಂಪರ್ಕದಾಗ ಒಂದು ಸಲಕ್ಕ ಅಂಟೋದು ಸರಾಸರಿ ಸಾವಿರಕ್ಕ ಒಂದಕ್ಕಿಂತ ಕಡಿಮಿ, ಗುದ ಸಂಪರ್ಕದಾಗ ಹೆಚ್ಚು, ಹುಣ್ಣು ಗಿಣ್ಣು ಇದ್ರ ಇನ್ನೂ ಹೆಚ್ಚು ಅಂತ ಬಿಡಿಸಿ ಹೇಳಿದೆ. ಸಿಫಿಲಿಸ್, ಹೆಪಟೈಟಿಸ್ ಬಿ ಚೆಕ್ ಮಾಡ್ಸು ಅಂದೆ.

ಮೊನ್ನೆ 45 ದಿನ ತುಂಬಿತ್ತು, ಬಂದಿದ್ದ. ನೆಗೆಟಿವ್. 90ಕ್ಕ ಇನ್ನೊಂದ್ಸಲ ಬಾ, ಅಲ್ಲಿಗೆ ಮುಗೀತು ಅಂದೆ, ಆ ಹಳೇ ಕಾಗದದ ಹಿಂದ ತಾರೀಖು ಬರಕೊಂಡು ಹೋದ.